ಆಕ್ಸಿಲರೇಟರ್ ತುಳಿದಾಗ ಮುಗ್ಗರಿಸುವ ಪಿಕಪ್ ಟ್ರಕ್: ಮನೆಯಲ್ಲೇ ದೋಷ ಹುಡುಕುವ ಕ್ರಮ

ಆಕ್ಸಿಲರೇಟರ್ ತುಳಿದ ಮೇಲೆ ಎಂಜಿನ್ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಎಳೆದುಕೊಂಡು ಹೋಗುತ್ತದೆ. ಇಲ್ಲವೇ ಎರಡು ಜರ್ಕ್ ಕೊಟ್ಟು ಸರಿಹೋಗುತ್ತದೆ. ಇಲ್ಲವೇ ಲೋಡ್ ಹೇರಿಕೊಂಡು ಏರು ಹತ್ತುವಾಗ ಮಾತ್ರ ಮುಗ್ಗರಿಸುತ್ತದೆ. ಕೇಳುವವರಿಗೆ ಮೂರೂ ಒಂದೇ ದೂರು ಎನಿಸಿದರೂ ಮೂರರ ಕಾರಣ ಬೇರೆ ಬೇರೆ ಇರುತ್ತದೆ. ಇದನ್ನು ಬಿಡಿಸಿಕೊಳ್ಳದೆ ಮೊದಲು ಪ್ಲಗ್, ಆಮೇಲೆ ಫಿಲ್ಟರ್, ಆಮೇಲೆ ಯಾವುದೋ ಸೆನ್ಸರ್, ಕೊನೆಗೆ ಪಂಪ್ ಎಂದು ಬದಲಿಸುತ್ತ ಹೋದರೆ ದುಡ್ಡು ಕರಗುತ್ತದೆ, ತೊಂದರೆ ಇದ್ದಲ್ಲೇ ಇರುತ್ತದೆ. ಅಳೆದು ನೋಡದೆ ಯಾವ ಬಿಡಿಭಾಗವನ್ನೂ ಕೊಳ್ಳಬೇಡಿ. ಮುಂದಿನ ಎಲ್ಲ ಹಂತಗಳೂ ನಿಂತಿರುವುದು ಇದರ ಮೇಲೆ.

ಇಲ್ಲಿನ ವಿವರ ಮುಖ್ಯವಾಗಿ ಫ್ಯುಯಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಎಂಜಿನ್‌ಗೆ ಸಂಬಂಧಿಸಿದ್ದು. ಕಾರ್ಬುರೇಟರ್ ಗಾಡಿ ಮತ್ತು ಡೀಸೆಲ್ ಗಾಡಿಗಳ ವಿಷಯ ಕೊನೆಯ ಭಾಗದಲ್ಲಿದೆ.

ಯಾವಾಗ ಮುಗ್ಗರಿಸುತ್ತದೆ?

ಬಾನೆಟ್ ಎತ್ತುವ ಮೊದಲು ಈ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಐಡ್ಲಿಂಗ್‌ನಿಂದ ಪೆಡಲ್ ಸ್ವಲ್ಪ ಒತ್ತಿದ ಕೂಡಲೇ ಎಡವುವುದಾದರೆ ಗಾಳಿ ಸೋರಿಕೆ, ಕೊಳೆಯಾದ ಥ್ರಾಟಲ್ ಬಾಡಿ (ಪೆಡಲ್‌ಗೆ ತಕ್ಕಂತೆ ಎಂಜಿನ್‌ಗೆ ಗಾಳಿ ಬಿಡುವ ಕವಾಟ), ಅದು ಎಷ್ಟು ತೆರೆದಿದೆ ಎಂದು ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರ್, ಅರ್ಧ ತೆರೆದೇ ಸಿಕ್ಕಿಕೊಂಡ ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್‌ಗೆ ಬಿಡುವ ಕವಾಟ) ಇವುಗಳನ್ನು ಮೊದಲು ನೋಡಬೇಕು. ಪೆಡಲ್ ಪೂರ್ತಿ ತುಳಿದಾಗ, ಲೋಡ್ ಇದ್ದಾಗ ಅಥವಾ ಏರಿನಲ್ಲಿ ಮಾತ್ರ ಬರುವುದಾದರೆ ಪೆಟ್ರೋಲ್ ಸಾಲುತ್ತಿಲ್ಲ, ಸ್ಪಾರ್ಕ್ ಸೋಲುತ್ತಿದೆ, ಇಲ್ಲವೇ ಸೈಲೆನ್ಸರ್ ಕಡೆ ಹೊಗೆಯ ದಾರಿ ಕಟ್ಟಿದೆ. ತಣ್ಣಗಿನ ಎಂಜಿನ್‌ನಲ್ಲಿ ಮಾತ್ರ ಕಂಡು, ಬಿಸಿಯಾದ ಮೇಲೆ ಮಾಯವಾದರೆ ಕೂಲಂಟ್ ತಾಪಮಾನದ ಸೆನ್ಸರ್ ಅಥವಾ ಇಂಟೇಕ್ ವಾಲ್ವ್‌ಗಳ ಮೇಲಿನ ಕಾರ್ಬನ್ ಇರಬಹುದು. ಈ ಎರಡನೆಯದು ನೇರವಾಗಿ ಸಿಲಿಂಡರ್‌ಗೇ ಪೆಟ್ರೋಲ್ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಹೆಚ್ಚು, ಏಕೆಂದರೆ ಅಲ್ಲಿ ವಾಲ್ವ್‌ನ ಹಿಂಬದಿಯನ್ನು ತೊಳೆಯಲು ಪೆಟ್ರೋಲ್ ಆ ದಾರಿಯಲ್ಲಿ ಬರುವುದೇ ಇಲ್ಲ. ಟ್ಯಾಂಕ್ ತುಂಬಿಸಿದ ಮೊದಲ ಕೆಲವು ನಿಮಿಷ ಮಾತ್ರ ಎಂಜಿನ್ ಎಡವಿದರೆ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ಕವಾಟ) ಮುಚ್ಚುತ್ತಿಲ್ಲ ಎಂದೇ ಹಿಡಿದುಕೊಂಡು ಅಲ್ಲಿಂದ ಶುರುಮಾಡಿ.

ಇನ್ನೊಂದನ್ನು ಇಲ್ಲೇ ತಳ್ಳಿಹಾಕಬೇಕು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಪಿಕಪ್‌ಗಳಲ್ಲಿ ಸಮವೇಗದಲ್ಲಿ ಹೋಗುವಾಗ, ಸಾಮಾನ್ಯವಾಗಿ ಗಂಟೆಗೆ 60ರಿಂದ 80 ಕಿ.ಮೀ. ಹೊತ್ತಿಗೆ, ಪೆಡಲನ್ನು ಅಲ್ಪಸ್ವಲ್ಪ ಒತ್ತಿದಾಗ ಬರುವ ನಡುಕ ಎಷ್ಟೋ ಸಲ ಎಂಜಿನ್‌ನದ್ದೇ ಅಲ್ಲ, ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಜೋಡಿಸುವ ಟಾರ್ಕ್ ಕನ್ವರ್ಟರ್‌ನ ಲಾಕಪ್ ಕ್ಲಚ್‌ನದು. ಹಿಂದೆ ಮುಂದೆ ಗಾಡಿಗಳಿಲ್ಲದ ರಸ್ತೆಯಲ್ಲಿ ಅದೇ ವೇಗ ಹಿಡಿದು, ಬಲಗಾಲು ಆಕ್ಸಿಲರೇಟರ್ ಮೇಲಿರುವಂತೆಯೇ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ದೀಪ ಹತ್ತುವಷ್ಟೇ ಮುಟ್ಟಿ. ಲಾಕಪ್ ಬಿಟ್ಟುಕೊಳ್ಳುತ್ತದೆ. ನಡುಕ ತಕ್ಷಣ ನಿಂತರೆ ಈ ಬರಹದ ಉಳಿದ ಭಾಗ ನಿಮಗೆ ಬೇಡ, ಗೇರ್‌ಬಾಕ್ಸ್ ಆಯಿಲ್‌ನಿಂದ ಶುರುಮಾಡಿ. ಮ್ಯಾನುಯಲ್ ಗೇರ್ ಗಾಡಿಯಲ್ಲಿ ಆರ್‌ಪಿಎಂ ಏರುತ್ತಿದ್ದು ವೇಗ ಏರದಿದ್ದರೆ ಅದು ಕ್ಲಚ್ ಜಾರುವಿಕೆ.

ಸಲಕರಣೆ ಮತ್ತು ಎಚ್ಚರಿಕೆ

ಲೈವ್ ಡೇಟಾ ತೋರಿಸುವ ಒಬಿಡಿ-2 ಸ್ಕ್ಯಾನರ್ (ಎಂಜಿನ್ ಕಂಪ್ಯೂಟರ್‌ಗೆ ಜೋಡಿಸಿ ಅದರ ದಾಖಲೆ ಓದುವ ಸಾಧನ) ಬೇಕೇ ಬೇಕು. ಬರೀ ಕೋಡ್ (ದೋಷದ ಸಂಖ್ಯೆ) ಓದುವ ಅಗ್ಗದ ಸಾಧನ ಸಾಲದು. ಜೊತೆಗೆ ಮಲ್ಟಿಮೀಟರ್, ವ್ಯಾಕ್ಯೂಮ್ ಗೇಜ್, ಫ್ಯುಯಲ್ ಪ್ರೆಷರ್ ಗೇಜ್, ಪ್ಲಗ್ ಸಾಕೆಟ್, ಫೀಲರ್ ಗೇಜ್, ಟಾರ್ಕ್ ರೆಂಚ್ ಇದ್ದರೆ ಮನೆಯಲ್ಲಿ ಆಗುವಷ್ಟು ಕೆಲಸವೆಲ್ಲ ಆಗುತ್ತದೆ.

ಪೆಟ್ರೋಲ್ ಲೈನ್ ಮುಟ್ಟುವ ಕೆಲಸವನ್ನು ಬಯಲಲ್ಲಿ, ತಣ್ಣಗಿನ ಎಂಜಿನ್ ಮೇಲೆ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ಮಾಡಿ. ಗಾಡಿಯ ಕೆಳಗೆ ಹೋಗುವುದಾದರೆ ಜ್ಯಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಟ್ಟು ಚಕ್ರಗಳಿಗೆ ತಡೆ ಇಡಿ. ಓಡಿಸುತ್ತ ಸ್ಕ್ಯಾನರ್ ನೋಡಬೇಡಿ. ಒಬ್ಬರು ಓಡಿಸಲಿ, ಇನ್ನೊಬ್ಬರು ಅಂಕಿಗಳನ್ನು ನೋಡಲಿ, ಅಥವಾ ಸ್ಕ್ಯಾನರ್‌ನಲ್ಲಿ ರೆಕಾರ್ಡ್ ಹಾಕಿ ನಿಲ್ಲಿಸಿದ ಮೇಲೆ ಓದಿ. ಡೈರೆಕ್ಟ್ ಇಂಜೆಕ್ಷನ್ ಮತ್ತು ಕಾಮನ್ ರೈಲ್ ಡೀಸೆಲ್ ಎಂಜಿನ್‌ಗಳ ಹೆಚ್ಚು ಒತ್ತಡದ ಪೈಪುಗಳನ್ನು ಮನೆಯಲ್ಲಿ ಸಡಿಲಿಸಲೇಬೇಡಿ. ಅಲ್ಲಿ ಸೋರಿಕೆ ಇದೆಯೇ ಎಂದು ಕೈಯಿಟ್ಟು ನೋಡಲೂ ಬಾರದು. ಕಣ್ಣಿಗೆ ಕಾಣದಷ್ಟು ಸಣ್ಣ ಚಿಮ್ಮುವಿಕೆಯೂ ಚರ್ಮ ತೂರಿ ಒಳಗೆ ಇಂಧನ ಇಳಿಸುತ್ತದೆ. ಹಾಗಾದರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಸ್ಕ್ಯಾನರ್ ಹೇಳುವುದನ್ನು ಓದುವುದು

ಎಂಜಿನ್ ದೀಪ ಹತ್ತದಿದ್ದರೂ ಕೋಡ್ ನೋಡಿ, ಪೆಂಡಿಂಗ್ (ಇನ್ನೂ ಖಚಿತವಾಗದ ದೋಷದ) ಕೋಡ್‌ಗಳು ದೀಪ ಹತ್ತಿಸದೆಯೂ ಕುಳಿತಿರುತ್ತವೆ. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ಬರೆದಿಟ್ಟುಕೊಳ್ಳಿ. ದೋಷ ದಾಖಲಾದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು ಎಂಬುದೆಲ್ಲ ಅದರಲ್ಲಿದ್ದು, ಅಳಿಸಿದರೆ ಹೋಗಿಬಿಡುತ್ತದೆ. ಈ ದೂರಿನಲ್ಲಿ ಹೆಚ್ಚಾಗಿ ಸಿಗುವ ಕೋಡ್‌ಗಳು ಇವು: ಪಿ0171 ಮತ್ತು ಪಿ0174 (ಎರಡು ಬ್ಯಾಂಕ್‌ಗಳಲ್ಲಿ, ಅಂದರೆ ಸಿಲಿಂಡರ್‌ಗಳ ಎರಡು ಸಾಲುಗಳಲ್ಲಿ, ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು), ಪಿ0300ರಿಂದ ಮುಂದಿನವು (ಮಿಸ್‌ಫೈರ್, ಅಂದರೆ ಸಿಲಿಂಡರ್ ಉರಿಯದೆ ತಪ್ಪುವುದು; ಪಿ0303 ಎಂದರೆ ಮೂರನೆಯ ಸಿಲಿಂಡರ್), ಪಿ0101ರಿಂದ ಪಿ0103 (ಒಳಬರುವ ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್), ಪಿ0121ರಿಂದ ಪಿ0123 (ಥ್ರಾಟಲ್ ಸೆನ್ಸರ್), ಪಿ0087 (ರೈಲ್, ಅಂದರೆ ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಕೊಳವೆಯಲ್ಲಿ ಒತ್ತಡ ಕಡಿಮೆ). ಪಿ0171 ಬಂದಿದೆ ಎಂದ ಮಾತ್ರಕ್ಕೆ ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದಲ್ಲ. ಆ ಸೆನ್ಸರ್ ತನ್ನ ಕೆಲಸ ಮಾಡಿ ವರದಿ ಕೊಟ್ಟಿದೆ, ಅಷ್ಟೆ. ಅನಗತ್ಯವಾಗಿ ಬದಲಾಗುವ ಭಾಗಗಳಲ್ಲಿ ಅದೂ ಒಂದು.

ಕೋಡ್‌ಗಿಂತ ಹೆಚ್ಚು ಹೇಳುವುದು ಫ್ಯುಯಲ್ ಟ್ರಿಮ್. ಎಂಜಿನ್ ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಸುರಿಯಬೇಕಾಗಿ ಬಂದಿದೆ ಎಂಬುದರ ಲೆಕ್ಕ ಇದು. ಶಾರ್ಟ್ ಟರ್ಮ್ ಎಂಬುದು ಈ ಕ್ಷಣದ ತಿದ್ದುಪಡಿ, ಲಾಂಗ್ ಟರ್ಮ್ ಎಂಬುದು ಕಲಿತು ಉಳಿಸಿಕೊಂಡದ್ದು. ಎರಡನ್ನೂ ಕೂಡಿಸಿ ನೋಡಿ. ಮೊತ್ತ ಶೇ. 5ರ ಆಚೀಚೆ ಇದ್ದರೆ ಚಿಂತೆಯಿಲ್ಲ. ಶೇ. 10 ದಾಟಿದರೆ ಕಾರಣ ಹುಡುಕಬೇಕು. ಧನ ಅಂಕಿ ಎಂದರೆ ಪೆಟ್ರೋಲ್ ಸಾಲದೆ ಹೆಚ್ಚು ಸುರಿಯುತ್ತಿದೆ, ಋಣ ಎಂದರೆ ಪೆಟ್ರೋಲ್ ಹೆಚ್ಚಾದ್ದರಿಂದ ಕಡಿಮೆ ಮಾಡುತ್ತಿದೆ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರು ಸ್ಥಿತಿಯಲ್ಲಿ ಬರೆದುಕೊಳ್ಳಿ: ಐಡ್ಲಿಂಗ್, ನಿಂತಲ್ಲೇ 2500 ಆರ್‌ಪಿಎಂ, ಮತ್ತು ರಸ್ತೆಯಲ್ಲಿ ಲೋಡ್‌ನೊಂದಿಗೆ. ಐಡ್ಲಿಂಗ್‌ನಲ್ಲಿ ಶೇ. 18 ಇದ್ದದ್ದು 2500ಕ್ಕೆ ಏರಿಸಿದಾಗ ಶೇ. 4ಕ್ಕೆ ಇಳಿದರೆ ಗಾಳಿ ಸೋರಿಕೆ. ಸೋರಿಕೆಯಿಂದ ಒಳಬರುವ ಗಾಳಿ ಐಡ್ಲಿಂಗ್‌ನಲ್ಲಿ ಒಟ್ಟು ಗಾಳಿಯ ದೊಡ್ಡ ಪಾಲು, ಎಂಜಿನ್ ಹೆಚ್ಚು ಗಾಳಿ ಎಳೆಯತೊಡಗಿದಾಗ ಅದೇ ಸೋರಿಕೆ ನಗಣ್ಯ. ಇದಕ್ಕೆ ಉಲ್ಟಾ, ಐಡ್ಲಿಂಗ್‌ನಲ್ಲಿ ಸರಿಯಿದ್ದು ಲೋಡ್ ಏರಿದಂತೆ ಧನ ಅಂಕಿಯೂ ಏರುತ್ತ ಹೋದರೆ ಎರಡೇ ಸಾಧ್ಯತೆ: ಪೆಟ್ರೋಲ್ ಪೂರೈಕೆ ಸಾಲದು, ಅಥವಾ ಮಾಸ್ ಏರ್ ಫ್ಲೋ ಸೆನ್ಸರ್ ನಿಜಕ್ಕಿಂತ ಕಡಿಮೆ ಗಾಳಿ ತೋರಿಸುತ್ತಿದೆ. ಎಲ್ಲ ಸ್ಥಿತಿಯಲ್ಲೂ ಋಣವಿದ್ದರೆ ಸೋರುವ ಇಂಜೆಕ್ಟರ್, ಹರಿದ ಪ್ರೆಷರ್ ರೆಗ್ಯುಲೇಟರ್ ಡಯಾಫ್ರಂ ಅಥವಾ ಮುಚ್ಚದ ಪರ್ಜ್ ವಾಲ್ವ್ ನೋಡಿ. ವಿ6 ಅಥವಾ ವಿ8 ಎಂಜಿನ್‌ನಲ್ಲಿ ಒಂದೇ ಬ್ಯಾಂಕ್ ಕೆಟ್ಟಿದ್ದರೆ ದೋಷ ಆ ಬದಿಯದೇ. ಎರಡೂ ಕೆಟ್ಟಿದ್ದರೆ ಎರಡಕ್ಕೂ ಹಂಚಿಕೆಯಾಗುವ ಪಂಪ್, ಫಿಲ್ಟರ್, ಗಾಳಿ ಸೆನ್ಸರ್ ಕಡೆ ತಿರುಗಿ.

ಮಾಸ್ ಏರ್ ಫ್ಲೋ ಸೆನ್ಸರ್ ಇಲ್ಲದೆ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡದಿಂದಲೇ (ಮ್ಯಾಪ್ ಸೆನ್ಸರ್) ಗಾಳಿ ಲೆಕ್ಕ ಹಾಕುವ ಎಂಜಿನ್‌ಗಳಲ್ಲಿ ಗಾಳಿ ಸೋರಿಕೆ ಟ್ರಿಮ್‌ನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅಲ್ಲಿ ಐಡ್ಲಿಂಗ್ ಆರ್‌ಪಿಎಂ ಏರಿರುವುದೇ ಗುರುತು.

ಮುಗ್ಗರಿಸುವ ಆ ಕ್ಷಣದಲ್ಲಿ ಮುಂದಿನ (ಎಂಜಿನ್‌ಗೆ ಹತ್ತಿರದ) ಆಕ್ಸಿಜನ್ ಸೆನ್ಸರ್ ಏನು ತೋರಿಸುತ್ತದೆ ಎಂಬುದನ್ನೂ ರೆಕಾರ್ಡ್‌ನಲ್ಲಿ ನೋಡಿ. ಹಳೆಯ ಬಗೆಯ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಆಡುತ್ತಿರುತ್ತದೆ, ಪೆಡಲ್ ಪೂರ್ತಿ ತುಳಿದಾಗ 0.8ರ ಮೇಲೆ ನಿಲ್ಲಬೇಕು. ಎಡವುವಾಗ ಅದು 0.1–0.2ಕ್ಕೆ ಬಿದ್ದರೆ ಪೆಟ್ರೋಲ್ ಕೊರತೆ. ಇಲ್ಲೊಂದು ಮೋಸವಿದೆ. ಸ್ಪಾರ್ಕ್ ತಪ್ಪಿದರೂ ಸೆನ್ಸರ್ ಕೆಳಕ್ಕೇ ಬೀಳುತ್ತದೆ, ಏಕೆಂದರೆ ಉರಿಯದ ಸಿಲಿಂಡರ್‌ನಿಂದ ಆಕ್ಸಿಜನ್ ಹಾಗೇ ಹೊರಬರುತ್ತದೆ. ಆದ್ದರಿಂದ ಮಿಸ್‌ಫೈರ್ ಎಣಿಕೆಯನ್ನೂ ಜೊತೆಗಿಟ್ಟು ಓದಿ. ಎಣಿಕೆ ಒಂದೇ ಸಿಲಿಂಡರ್‌ನಲ್ಲಿ ಏರುತ್ತಿದ್ದರೆ ಪೆಟ್ರೋಲ್ ಪಂಪನ್ನು ಬೈಯಬೇಡಿ. ಹೊಸ ಗಾಡಿಗಳಲ್ಲಿರುವ ಏರ್-ಫ್ಯುಯಲ್ ರೇಶಿಯೊ ಸೆನ್ಸರ್‌ಗೆ ಈ ವೋಲ್ಟೇಜ್ ಲೆಕ್ಕ ಅನ್ವಯಿಸದು.

ತಣ್ಣಗಿನ ಎಂಜಿನ್‌ನ ದೂರಿಗೆ ಒಂದು ಸುಲಭ ಪರೀಕ್ಷೆ: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ಕೂಲಂಟ್ ತಾಪಮಾನ ಮತ್ತು ಇಂಟೇಕ್ ಗಾಳಿಯ ತಾಪಮಾನ ನೋಡಿ. ಎರಡೂ ಹೊರಗಿನ ಹವೆಗೆ ಹತ್ತಿರವಿರಬೇಕು. ಹೊರಗೆ 20 ಡಿಗ್ರಿ ಇರುವಾಗ ಕೂಲಂಟ್ 55 ತೋರಿಸಿದರೆ ಕಂಪ್ಯೂಟರ್ ಬಿಸಿ ಎಂಜಿನ್‌ಗೆ ಕೊಡುವಷ್ಟೇ ಪೆಟ್ರೋಲ್ ಕೊಡುತ್ತದೆ, ತಣ್ಣಗಿನ ಎಂಜಿನ್ ಎಡವುತ್ತದೆ. ಈ ಸೆನ್ಸರ್‌ಗಳಲ್ಲಿ ಬಹುಪಾಲಿನ ಪ್ರತಿರೋಧ 20 ಡಿಗ್ರಿಯಲ್ಲಿ 2000–3000 ಓಮ್, 80–90 ಡಿಗ್ರಿಯಲ್ಲಿ 200–300 ಓಮ್ ಆಸುಪಾಸು ಇರುತ್ತದೆ.

ಗಾಳಿ ಸೋರಿಕೆ ಹುಡುಕುವುದು

ಮೊದಲು ಕಣ್ಣು, ಆಮೇಲೆ ಕಿವಿ, ಕೊನೆಗೆ ಉಪಕರಣ. ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್ ಬಾಡಿವರೆಗಿನ ರಬ್ಬರ್ ಹೋಸನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಬಿರುಕು ಅದರ ಮಡಿಕೆಗಳ ತಳದಲ್ಲಿ, ಅದೂ ಮೇಲಿಂದ ಕಾಣದ ಅಡಿಭಾಗದಲ್ಲಿ ಇರುತ್ತದೆ. ಸುಮ್ಮನಿದ್ದಾಗ ಮುಚ್ಚಿಕೊಂಡಿದ್ದು, ಪೆಡಲ್ ತುಳಿದು ಎಂಜಿನ್ ತನ್ನ ಮೌಂಟ್ ಮೇಲೆ ವಾಲಿದಾಗ ಮಾತ್ರ ಬಾಯಿಬಿಡುವ ಬಿರುಕುಗಳಿವೆ. ಗೇರ್ ಹಾಕಿ ಹೊರಟಾಗ ಎಡವುತ್ತದೆ, ನಿಲ್ಲಿಸಿ ರೈಸ್ ಮಾಡಿದರೆ ಏನೂ ಇಲ್ಲ ಎಂಬ ದೂರಿಗೆ ಇದೇ ಕಾರಣವಾಗಿರುತ್ತದೆ. ಎಂಜಿನ್ ಮೌಂಟ್ ಸವೆದಿದ್ದರೆ ಹೊಸ ಹೋಸ್ ಕೂಡ ಬಹುಕಾಲ ಬಾಳುವುದಿಲ್ಲ.

ಮುಂದೆ ಪಿಸಿವಿ ಹೋಸ್ (ಎಂಜಿನ್ ಒಳಗಿನ ಎಣ್ಣೆ ಹಬೆಯನ್ನು ಇಂಟೇಕ್‌ಗೆ ಒಯ್ಯುವುದು), ಬ್ರೇಕ್ ಬೂಸ್ಟರ್‌ನ ದಪ್ಪ ಹೋಸ್, ಇಂಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಜೆಕ್ಟರ್ ಬುಡದ ಓ-ರಿಂಗ್‌ಗಳು. ಎಣ್ಣೆ ಹಬೆ ಕುಡಿದು ಮೆತ್ತಗಾದ ಪಿಸಿವಿ ಹೋಸಿನ ಮೊಣಕೈ ಒಳಕ್ಕೆ ಕುಸಿದಿರುತ್ತದೆ. ಐಡ್ಲಿಂಗ್‌ನಲ್ಲಿ ಬ್ರೇಕ್ ತುಳಿದು ಹಿಡಿದಾಗ ಎಂಜಿನ್ ಸದ್ದು ಬದಲಾಗಿ ಹಾಗೇ ಉಳಿದರೆ ಬೂಸ್ಟರ್ ಡಯಾಫ್ರಂ ಸೋರುತ್ತಿದೆ. ಸುಮಾರು ಒಂದು ಮೀಟರ್ ಉದ್ದದ ಸಾದಾ ರಬ್ಬರ್ ಹೋಸಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಜಾಯಿಂಟ್‌ಗಳ ಬಳಿ ಆಡಿಸಿದರೆ ಸುಯ್ ಎಂಬ ಸದ್ದಿನ ಜಾಗ ನಿಖರವಾಗಿ ಸಿಗುತ್ತದೆ. ಫ್ಯಾನ್ ಮತ್ತು ಬೆಲ್ಟ್‌ಗಳಿಂದ ಹೋಸನ್ನೂ ತಲೆಗೂದಲನ್ನೂ ದೂರವಿಡಿ.

ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ ನೋಡುವ ರೂಢಿ ಇದೆ. ಬಿಸಿ ಸೈಲೆನ್ಸರ್ ಪೈಪಿನ ಪಕ್ಕ ಅದು ಬೆಂಕಿಗೆ ಆಹ್ವಾನ. ಬದಲಿಗೆ ನೀರಿನ ಸ್ಪ್ರೇ ಬಾಟಲಿಯಿಂದ ಮ್ಯಾನಿಫೋಲ್ಡ್ ಜಾಯಿಂಟ್‌ಗೆ ತುಸು ಹನಿ ಹಾಕಿ. ಸೋರಿಕೆಯ ಬಾಯಿಗೆ ನೀರು ಬಿದ್ದ ಕ್ಷಣ ಸದ್ದು ಅಥವಾ ಐಡ್ಲಿಂಗ್ ಬದಲಾಗುತ್ತದೆ. ಕಾಯಿಲ್ ಮತ್ತು ಕನೆಕ್ಟರ್‌ಗಳ ಮೇಲೆ ಬೇಡ. ಇಷ್ಟರಲ್ಲೂ ಸಿಗದ ಸೋರಿಕೆಗೆ ಸ್ಮೋಕ್ ಟೆಸ್ಟ್ (ಒಳಗೆ ಹೊಗೆ ತುಂಬಿ ಅದು ಎಲ್ಲಿ ಹೊರಬರುತ್ತದೆ ಎಂದು ನೋಡುವುದು) ಮಾಡಿಸಿ. ಅದಕ್ಕಿಂತ ಖಚಿತವಾದದ್ದು ಇಲ್ಲ.

ಪರ್ಜ್ ವಾಲ್ವ್ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಅದರ ವಿದ್ಯುತ್ ಕನೆಕ್ಟರ್ ತೆಗೆದು, ಟ್ಯಾಂಕ್ ಕಡೆಯ ಹೋಸ್ ಕಳಚಿ, ವಾಲ್ವ್ ಬಾಯಿಗೆ ಬೆರಳಿಡಿ. ಎಳೆತ ಇರಬಾರದು. ಇದ್ದರೆ ವಾಲ್ವ್ ಬದಲಿಸಿ.

ಮಾಸ್ ಏರ್ ಫ್ಲೋ ಸೆನ್ಸರ್

ಬಿಸಿ ತಂತಿ ಅಥವಾ ತೆಳು ಪದರ ಗಾಳಿಯಲ್ಲಿ ಎಷ್ಟು ತಣಿಯುತ್ತದೆ ಎಂಬುದರಿಂದ ಇದು ಗಾಳಿಯ ತೂಕ ಅಳೆಯುತ್ತದೆ. ಧೂಳು ಅಂಟಿದ ತಂತಿ ತಡವಾಗಿ ತಣಿಯುತ್ತದೆ. ಹಾಗಾಗಿ ಪೆಡಲ್ ಒತ್ತಿದ ಕ್ಷಣ ಗಾಳಿ ನುಗ್ಗಿದರೂ ಕಂಪ್ಯೂಟರ್‌ಗೆ ಸುದ್ದಿ ತಡವಾಗಿ, ಕಡಿಮೆಯಾಗಿ ತಲುಪುತ್ತದೆ. ಎಣ್ಣೆ ಹಚ್ಚಿ ಬಳಸುವ ಏರ್ ಫಿಲ್ಟರ್‌ಗೆ ಎಣ್ಣೆ ಹೆಚ್ಚಾದರೂ ಇದೇ ಕಥೆ.

ಬಿಸಿ ಎಂಜಿನ್, ಎಸಿ ಆಫ್, ಐಡ್ಲಿಂಗ್‌ನಲ್ಲಿ ಓದು ಸೆಕೆಂಡಿಗೆ ಎಂಜಿನ್‌ನ ಪ್ರತಿ ಲೀಟರಿಗೆ ಸುಮಾರು 1 ಗ್ರಾಂ ಅಥವಾ ಸ್ವಲ್ಪ ಹೆಚ್ಚು ಇರಬೇಕು. ನಿಜವಾದ ಪರೀಕ್ಷೆ ರಸ್ತೆಯಲ್ಲಿ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಎರಡನೆಯ ಗೇರ್‌ನಲ್ಲಿ ಪೂರ್ತಿ ಪೆಡಲ್ ತುಳಿದು ಹೆಚ್ಚು ಆರ್‌ಪಿಎಂ ಮುಟ್ಟಿದಾಗ ಪ್ರತಿ ಲೀಟರಿಗೆ ಸುಮಾರು 40 ಗ್ರಾಂ ಎಂಬುದು ಒಂದು ಒರಟು ಅಳತೆ. 3 ಲೀಟರ್ ಎಂಜಿನ್ 120ರ ಆಸುಪಾಸು ತೋರಿಸಬೇಕಾದಲ್ಲಿ 75ಕ್ಕೇ ನಿಂತರೆ ಸೆನ್ಸರ್ ಕೊಳೆಯಾಗಿದೆ, ಇಲ್ಲವೇ ಎಂಜಿನ್‌ಗೆ ನಿಜವಾಗಿಯೂ ಗಾಳಿ ಸಿಗುತ್ತಿಲ್ಲ. ಟ್ರಿಮ್ ಈ ಎರಡನ್ನು ಬೇರ್ಪಡಿಸುತ್ತದೆ. ಓದು ಕಡಿಮೆ, ಟ್ರಿಮ್ ಧನ ಎಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಓದು ಕಡಿಮೆ, ಟ್ರಿಮ್ ಸರಿ ಎಂದರೆ ಸೆನ್ಸರ್ ಪ್ರಾಮಾಣಿಕ, ಏರ್ ಫಿಲ್ಟರ್ ಅಥವಾ ಸೈಲೆನ್ಸರ್ ಕಟ್ಟಿದೆ.

ಶುಚಿ ಮಾಡಲು ಈ ಸೆನ್ಸರ್‌ಗೆಂದೇ ಸಿಗುವ ಸ್ಪ್ರೇ ಬಳಸಿ. ಬ್ರೇಕ್ ಕ್ಲೀನರ್, ಕಾರ್ಬುರೇಟರ್ ಕ್ಲೀನರ್ ಬೇಡ, ಅವು ಪ್ಲಾಸ್ಟಿಕ್ ಮತ್ತು ಲೇಪನ ಕೆಡಿಸುತ್ತವೆ. ಕೀ ಆಫ್ ಮಾಡಿ ಸೆನ್ಸರ್ ಬಿಚ್ಚಿ, ಹತ್ತು ಹದಿನೈದು ಸಲ ಚಿಮ್ಮಿಸಿ, ತಂತಿಯನ್ನು ಬೆರಳಿಂದಾಗಲಿ ಹತ್ತಿಯಿಂದಾಗಲಿ ಮುಟ್ಟದೆ ಪೂರ್ತಿ ಒಣಗಲು ಕಾಲು ಗಂಟೆ ಬಿಟ್ಟು ಜೋಡಿಸಿ. ಕನೆಕ್ಟರ್ ಕಿತ್ತು ಓಡಿಸಿದಾಗ ಗಾಡಿ ಮೊದಲಿಗಿಂತ ಚೆನ್ನಾಗಿ ಎಳೆದರೆ ಸೆನ್ಸರ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಆಗ ಎಂಜಿನ್ ದೀಪ ಹತ್ತುವುದು ಸಹಜ.

ಥ್ರಾಟಲ್ ಬಾಡಿ ಮತ್ತು ಅದರ ಸೆನ್ಸರ್

ಕೇಬಲ್ ಇರುವ ಥ್ರಾಟಲ್‌ನಲ್ಲಿ ಕೀ ಆನ್, ಎಂಜಿನ್ ಆಫ್ ಸ್ಥಿತಿಯಲ್ಲಿ ಸೆನ್ಸರ್‌ನ ಸಿಗ್ನಲ್ ತಂತಿಗೆ ಮಲ್ಟಿಮೀಟರ್ ಕೊಡಿ. ಮುಚ್ಚಿದಾಗ 0.5ರಿಂದ 1 ವೋಲ್ಟ್, ಪೂರ್ತಿ ತೆರೆದಾಗ 4ರಿಂದ 4.5 ವೋಲ್ಟ್ ಸಾಮಾನ್ಯ. ನೋಡಬೇಕಾದದ್ದು ಈ ಎರಡು ತುದಿಗಳಿಗಿಂತ ನಡುವಿನ ದಾರಿ. ಬಹಳ ನಿಧಾನವಾಗಿ ತೆರೆಯುತ್ತ ಹೋಗಿ, ಅಂಕಿ ಎಲ್ಲೂ ಬೀಳಬಾರದು, ನೆಗೆಯಬಾರದು. ಹೆಚ್ಚು ಬಳಕೆಯಾಗುವ ಮೊದಲ ಕಾಲು ಭಾಗದಲ್ಲಿ ಒಳಗಿನ ಪಟ್ಟಿ ಸವೆಯುತ್ತದೆ, ಎಡವುವುದೂ ಅಲ್ಲೇ. ಡಿಜಿಟಲ್ ಮೀಟರ್ ಆ ಕ್ಷಣಿಕ ಬೀಳುವಿಕೆಯನ್ನು ನುಂಗಿಹಾಕಬಹುದು. ಮುಳ್ಳಿನ ಹಳೆಯ ಮೀಟರ್ ಇದ್ದರೆ ಇಲ್ಲಿ ಅದೇ ಮೇಲು.

ಎಲೆಕ್ಟ್ರಾನಿಕ್ ಥ್ರಾಟಲ್‌ನಲ್ಲಿ ಕೀ ಆನ್ ಇರುವಾಗ ಬೆರಳು ಹಾಕಬೇಡಿ, ತಟ್ಟೆ ಜೋರಾಗಿ ಮುಚ್ಚಿಕೊಂಡು ಗಾಯ ಮಾಡುತ್ತದೆ. ಸ್ಕ್ಯಾನರ್‌ನಲ್ಲಿ ಪೆಡಲ್‌ನ ಎರಡು ಸೆನ್ಸರ್‌ಗಳು ಮತ್ತು ಥ್ರಾಟಲ್‌ನ ಎರಡು ಸೆನ್ಸರ್‌ಗಳು ಹೊಂದಿಕೊಂಡು ಚಲಿಸುತ್ತವೆಯೇ ನೋಡಿ. ತಟ್ಟೆಯ ಅಂಚಿನ ಕಪ್ಪು ಮಸಿಯನ್ನು ಥ್ರಾಟಲ್ ಬಾಡಿ ಕ್ಲೀನರ್ ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸಿ, ಬ್ರಷ್‌ನಿಂದ ಉಜ್ಜಿದರೆ ಒಳಗಿನ ಲೇಪನ ಹೋಗುತ್ತದೆ. ಆಮೇಲೆ ಐಡ್ಲಿಂಗ್ ಏರಿದ್ದರೆ ಗಾಬರಿ ಬೇಡ. ಮಸಿಗೆ ಹೊಂದಿಕೊಂಡಿದ್ದ ಕಂಪ್ಯೂಟರ್ ಹೊಸದಾಗಿ ಕಲಿಯಬೇಕು, ಅದರ ಕ್ರಮ ಗಾಡಿಯ ಸರ್ವಿಸ್ ಕೈಪಿಡಿಯಲ್ಲಿರುತ್ತದೆ.

ಪೆಟ್ರೋಲ್ ಪೂರೈಕೆ

ಲೋಡ್‌ನಲ್ಲಿ ಟ್ರಿಮ್ ಧನ, ಗಾಳಿ ಸೆನ್ಸರ್ ಸರಿ. ಇಲ್ಲಿಗೆ ಬಂದ ಮೇಲೆ ಗೇಜ್ ಜೋಡಿಸುವುದೊಂದೇ ದಾರಿ. ಪಂಪ್ ರಿಲೇ ಅಥವಾ ಫ್ಯೂಸ್ ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿ, ಬಟ್ಟೆ ಸುತ್ತಿ ರೈಲ್‌ನ ಟೆಸ್ಟ್ ಪೋರ್ಟ್‌ಗೆ ಗೇಜ್ ಹಾಕಿ. ಪೋರ್ಟ್ ಇಂಜೆಕ್ಷನ್ (ಇಂಟೇಕ್ ವಾಲ್ವ್‌ನ ಹಿಂದೆ ಪೆಟ್ರೋಲ್ ಚಿಮ್ಮಿಸುವ) ಗಾಡಿಗಳಲ್ಲಿ ಒತ್ತಡ ಸಾಮಾನ್ಯವಾಗಿ 35ರಿಂದ 65 ಪಿಎಸ್‌ಐ ಒಳಗಿರುತ್ತದೆ. ನಿಮ್ಮ ಎಂಜಿನ್‌ನ ನಿಖರ ಅಂಕಿ ಕೈಪಿಡಿಯಿಂದ ತೆಗೆದುಕೊಳ್ಳಿ, ಅಂದಾಜು ಬೇಡ. ರೈಲ್‌ನಲ್ಲೇ ರೆಗ್ಯುಲೇಟರ್ ಇದ್ದರೆ ಐಡ್ಲಿಂಗ್‌ನಲ್ಲಿ ಅದರ ವ್ಯಾಕ್ಯೂಮ್ ಹೋಸ್ ಕಿತ್ತಾಗ ಒತ್ತಡ 8–10 ಪಿಎಸ್‌ಐ ಏರಬೇಕು. ಆ ಹೋಸಿನೊಳಗೆ ಪೆಟ್ರೋಲ್ ಒದ್ದೆ ಕಂಡರೆ ಡಯಾಫ್ರಂ ಹರಿದಿದೆ.

ಐಡ್ಲಿಂಗ್‌ನಲ್ಲಿ ಒತ್ತಡ ಸರಿಯಿದೆ ಎಂದು ಇಲ್ಲಿಗೇ ಬಿಡುವವರು ಬಹಳ. ಐಡ್ಲಿಂಗ್‌ಗೆ ಬೇಕಾದ ಪೆಟ್ರೋಲನ್ನು ಸಾಯುತ್ತಿರುವ ಪಂಪ್ ಕೂಡ ಕೊಡುತ್ತದೆ. ಉದ್ದ ಹೋಸಿನ ಗೇಜನ್ನು ಬಾನೆಟ್ ಸಂದಿಯಿಂದ ಹೊರತೆಗೆದು, ವೈಪರ್ ಅಡಿಯಲ್ಲಿ ಗಾಜಿನ ಹೊರಬದಿಗೆ ಬಿಗಿಯಾಗಿ ಕಟ್ಟಿ ಓಡಿಸಿ. ಗೇಜನ್ನು ಕ್ಯಾಬಿನ್ ಒಳಗೆ ಮಾತ್ರ ತರಬೇಡಿ. ಮುಗ್ಗರಿಸುವ ಕ್ಷಣ ಮುಳ್ಳು 5 ಪಿಎಸ್‌ಐಗಿಂತ ಹೆಚ್ಚು ಕುಸಿದರೆ ದೋಷ ಪೂರೈಕೆಯಲ್ಲಿದೆ.

ಆಗಲೂ ಪಂಪ್ ಕೊಳ್ಳುವ ಮೊದಲು ತಂತಿ ನೋಡಿ. ಪಿಕಪ್‌ನಲ್ಲಿ ಪಂಪ್‌ನ ವೈರಿಂಗ್ ಚಾಸಿಯ ಉದ್ದಕ್ಕೂ ಕೆಸರು, ಕಲ್ಲು, ನೀರು ತಿನ್ನುತ್ತ ಹೋಗುತ್ತದೆ. ಅರ್ತ್ ಬೋಲ್ಟ್ ತುಕ್ಕು ಹಿಡಿದಿರುತ್ತದೆ. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರ್‌ನ ಒಂದು ಮೊನೆ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಪಂಪ್ ಕನೆಕ್ಟರ್‌ನ ಪ್ಲಸ್‌ಗೆ ಕೊಟ್ಟಾಗ 0.5 ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು. ಅರ್ತ್ ಬದಿಯಲ್ಲಿ ಇದೇ ರೀತಿ ಅಳೆದಾಗ 0.2 ವೋಲ್ಟ್ ಒಳಗಿರಬೇಕು. ಪಂಪ್‌ಗೆ 11 ವೋಲ್ಟ್ ಮಾತ್ರ ತಲುಪುತ್ತಿದ್ದರೆ ಹೊಸ ಪಂಪ್ ಕೂಡ ಏರಿನಲ್ಲಿ ಸೋಲುತ್ತದೆ. ಪಂಪ್ ವೇಗವನ್ನು ಕಂಟ್ರೋಲ್ ಮಾಡ್ಯೂಲ್ ಮೂಲಕ ಬದಲಿಸುವ ಗಾಡಿಗಳಿಗೆ ಈ ಅಳತೆ ನೇರವಾಗಿ ಹೊಂದದು, ಅಲ್ಲಿ ಮಾಡ್ಯೂಲ್‌ವರೆಗಿನ ತಂತಿ ಮತ್ತು ಅರ್ತ್ ಅಳೆಯಿರಿ.

ಹೊರಗಡೆ ಫ್ಯುಯಲ್ ಫಿಲ್ಟರ್ ಇದ್ದರೆ ಅದನ್ನು ಮೊದಲು ಬದಲಿಸಿ, ಮೇಲಿನ ಬಾಣ ಎಂಜಿನ್ ಕಡೆಗಿರಲಿ. ಪಂಪೇ ಬದಲಿಸಬೇಕಾಗಿ ಬಂದರೆ, ಪ್ರತ್ಯೇಕ ಚಾಸಿ ಇರುವ ಪಿಕಪ್‌ಗಳಲ್ಲಿ ತುಂಬಿದ ಟ್ಯಾಂಕ್ ಇಳಿಸುವುದಕ್ಕಿಂತ ಹಿಂಬದಿಯ ಬಾಡಿಯನ್ನೇ ಎತ್ತುವುದು ಎಷ್ಟೋ ಸಲ ಸುಲಭ. ಆರು ಅಥವಾ ಎಂಟು ಬೋಲ್ಟ್, ಪೆಟ್ರೋಲ್ ತುಂಬುವ ಕೊಳವೆಯ ಸ್ಕ್ರೂಗಳು, ಹಿಂದಿನ ದೀಪಗಳ ಕನೆಕ್ಟರ್, ಅರ್ತ್ ತಂತಿ ಕಳಚಿದರೆ ಮೂರ್ನಾಲ್ಕು ಜನ ಸೇರಿ ಬಾಡಿಯನ್ನು ಹಿಂದಕ್ಕೆ ಸರಿಸಬಹುದು. ಜೋಡಿಸುವಾಗ ಆ ಅರ್ತ್ ತಂತಿ ಮರೆತರೆ ಹೊಸದೊಂದು ದೋಷ ಶುರುವಾಗುತ್ತದೆ.

ಸ್ಪಾರ್ಕ್

ಲೋಡ್ ಏರಿದಾಗ ಸಿಲಿಂಡರ್ ಒಳಗಿನ ಒತ್ತಡ ಏರಿ, ಪ್ಲಗ್ ಸಂದಿಯನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸವೆದ ಪ್ಲಗ್ ಅಥವಾ ಬಿರುಕುಬಿಟ್ಟ ಕಾಯಿಲ್ ಬೂಟ್ (ಕಾಯಿಲನ್ನು ಪ್ಲಗ್‌ಗೆ ಸೇರಿಸುವ ರಬ್ಬರ್ ಕೊಳವೆ) ಐಡ್ಲಿಂಗ್‌ನಲ್ಲಿ ಪಾಸಾಗಿ ಏರಿನಲ್ಲಿ ಸೋಲುವುದು ಇದಕ್ಕೇ. ಮಿಸ್‌ಫೈರ್ ಎಣಿಕೆ ಮೂರನೆಯ ಸಿಲಿಂಡರ್‌ನಲ್ಲಿದ್ದರೆ ಅದರ ಕಾಯಿಲನ್ನು ಒಂದನೆಯದರ ಜೊತೆ ಅದಲುಬದಲು ಮಾಡಿ ಓಡಿಸಿ. ಎಣಿಕೆ ಒಂದಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ, ಮೂರರಲ್ಲೇ ಉಳಿದರೆ ಪ್ಲಗ್ ಅದಲುಬದಲು ಮಾಡಿ, ಆಮೇಲೆ ಇಂಜೆಕ್ಟರ್.

ಪ್ಲಗ್‌ಗಳನ್ನು ತಣ್ಣಗಿನ ಎಂಜಿನ್‌ನಲ್ಲೇ ಬಿಚ್ಚಿ, ಬಿಸಿ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕಿತ್ತುಬರಬಹುದು. ತಿಳಿ ಕಂದು ಅಥವಾ ಬೂದು ಬಣ್ಣ ಸರಿ. ಒಣ ಕಪ್ಪು ಮಸಿ ಪೆಟ್ರೋಲ್ ಹೆಚ್ಚು, ಬಿಳಿ ಗುಳ್ಳೆ ಪೆಟ್ರೋಲ್ ಕಡಿಮೆ ಅಥವಾ ಅತಿಬಿಸಿ, ಎಣ್ಣೆ ಒದ್ದೆ ಬೇರೆಯದೇ ರೋಗ. ಪಿಂಗಾಣಿಯ ಮೇಲೆ ಪೆನ್ಸಿಲ್ ಗೆರೆಯಂಥ ಕಪ್ಪು ಗೀರು ಕಂಡರೆ ಸ್ಪಾರ್ಕ್ ಹೊರಗಿನಿಂದ ಓಡುತ್ತಿದೆ. ಪ್ಲಗ್ ಮತ್ತು ಬೂಟ್ ಎರಡನ್ನೂ ಒಟ್ಟಿಗೆ ಬದಲಿಸಿ, ಒಂದನ್ನೇ ಬದಲಿಸಿದರೆ ಗೀರು ಮತ್ತೆ ಬರುತ್ತದೆ. ಗ್ಯಾಪ್ ಬಹಳ ಎಂಜಿನ್‌ಗಳಲ್ಲಿ 0.7ರಿಂದ 1.1 ಮಿ.ಮೀ. ನಡುವೆ. ಇರಿಡಿಯಂ ಪ್ಲಗ್‌ನ ನಡುವಿನ ತುದಿಯನ್ನು ಫೀಲರ್‌ನಿಂದ ಒತ್ತಬೇಡಿ. ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ, ಕೈಪಿಡಿಯ ಟಾರ್ಕ್‌ಗೆ ಬಿಗಿಯಿರಿ.

ಸೈಲೆನ್ಸರ್ ಕಡೆ ಕಟ್ಟಿದ್ದರೆ

ಆರ್‌ಪಿಎಂ ಏರಿದಂತೆ ಎಂಜಿನ್ ಹೆಚ್ಚು ಹೆಚ್ಚು ಬಿಗಿದುಕೊಳ್ಳುವುದು ಕಟ್ಟಿದ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧಮಾಡುವ ಭಾಗ) ಗುರುತು. ಇಂಟೇಕ್ ಮ್ಯಾನಿಫೋಲ್ಡ್‌ಗೆ ಜೋಡಿಸಿದ ವ್ಯಾಕ್ಯೂಮ್ ಗೇಜ್ ಸಮುದ್ರಮಟ್ಟದಲ್ಲಿ ಐಡ್ಲಿಂಗ್‌ಗೆ 17–21 ಇಂಚು ಪಾದರಸ ತೋರಿಸಿ ಸ್ಥಿರವಾಗಿರಬೇಕು. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 1 ಇಂಚು ಕಳೆಯಿರಿ. 2500 ಆರ್‌ಪಿಎಂನಲ್ಲಿ ಹಿಡಿದಾಗ ಮುಳ್ಳು ನಿಧಾನವಾಗಿ ಇಳಿಯುತ್ತಲೇ ಹೋದರೆ ದಾರಿ ಕಟ್ಟಿದೆ. ಖಚಿತಪಡಿಸಲು ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಹಾಕಿ: ಐಡ್ಲಿಂಗ್‌ನಲ್ಲಿ 1.25 ಪಿಎಸ್‌ಐ, 2500ರಲ್ಲಿ 3 ಪಿಎಸ್‌ಐ ದಾಟಬಾರದು. ಕನ್ವರ್ಟರ್ ತಾನಾಗಿ ಕರಗುವುದು ಅಪರೂಪ, ಬಹುಪಾಲು ಹಳೆಯ ಮಿಸ್‌ಫೈರ್ ಅಥವಾ ಎಣ್ಣೆ ಉರಿಯುವಿಕೆ ಅದನ್ನು ಕೊಂದಿರುತ್ತದೆ. ಅದನ್ನು ಸರಿಪಡಿಸದೆ ಹೊಸದು ಹಾಕಿದರೆ ಅದೂ ಹೋಗುತ್ತದೆ.

ಇಜಿಆರ್ ವಾಲ್ವನ್ನು ಬಿಚ್ಚಿ ನೋಡುವುದೇ ಸುಲಭ. ಕಾರ್ಬನ್ ತುಣುಕು ಸಿಕ್ಕಿಕೊಂಡು ಪೂರ್ತಿ ಮುಚ್ಚದಿದ್ದರೆ ಐಡ್ಲಿಂಗ್ ಒರಟಾಗಿರುತ್ತದೆ, ಪೆಡಲ್ ಒತ್ತಿದ ಮೊದಲ ಕ್ಷಣ ಎಡವುತ್ತದೆ. ಶುಚಿ ಮಾಡಿ ಹೊಸ ಗ್ಯಾಸ್ಕೆಟ್ ಹಾಕಿ.

ಇಷ್ಟೆಲ್ಲ ಸರಿಯಿದ್ದೂ ದೂರು ಉಳಿದರೆ ಕಂಪ್ರೆಶನ್ (ಸಿಲಿಂಡರ್ ಒಳಗೆ ಗಾಳಿ ಅದುಮಿದಾಗ ಏರುವ ಒತ್ತಡ) ಅಳೆಯಿರಿ. ಅತಿ ಕಡಿಮೆ ಇರುವ ಸಿಲಿಂಡರ್, ಅತಿ ಹೆಚ್ಚಿನದರ ಶೇ. 75ಕ್ಕಿಂತ ಕೆಳಗಿದ್ದರೆ ಹೊರಗಿನ ಯಾವ ರಿಪೇರಿಯೂ ಕೆಲಸಕ್ಕೆ ಬಾರದು.

ಕಾರ್ಬುರೇಟರ್ ಇರುವ ಹಳೆಯ ಪಿಕಪ್

ಎಂಜಿನ್ ಆಫ್ ಮಾಡಿ, ಏರ್ ಕ್ಲೀನರ್ ತೆಗೆದು, ಒಳಗೆ ನೋಡುತ್ತ ಥ್ರಾಟಲ್ ಲಿವರ್ ಎಳೆಯಿರಿ. ಎಳೆದ ಕ್ಷಣವೇ ಪೆಟ್ರೋಲ್ ಗಟ್ಟಿ ಧಾರೆಯಾಗಿ ಚಿಮ್ಮಬೇಕು. ತಡವಾಗಿ ಬಂದರೆ, ತೊಟ್ಟಿಕ್ಕಿದರೆ, ಬಾರದೇ ಇದ್ದರೆ ಆಕ್ಸಿಲರೇಟರ್ ಪಂಪ್‌ನ ಡಯಾಫ್ರಂ ಅಥವಾ ಕಪ್ ಒಣಗಿದೆ. ರಿಪೇರಿ ಕಿಟ್ ಹಾಕಿದರೆ ಸಾಕು. ಧಾರೆ ಚೆನ್ನಾಗಿದ್ದರೆ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಅಡ್ವಾನ್ಸ್‌ಗೆ (ಲೋಡ್‌ಗೆ ತಕ್ಕಂತೆ ಸ್ಪಾರ್ಕ್ ಸಮಯ ಬದಲಿಸುವ ಭಾಗ) ಕೈ ಪಂಪ್‌ನಿಂದ ವ್ಯಾಕ್ಯೂಮ್ ಕೊಡಿ. ಹಿಡಿದು ನಿಲ್ಲದಿದ್ದರೆ ಅದರ ಡಯಾಫ್ರಂ ಹರಿದಿದೆ. ಚೋಕ್ ಸ್ವಲ್ಪ ಎಳೆದಾಗ ಎಡವುವಿಕೆ ಕಡಿಮೆಯಾದರೆ ಪೆಟ್ರೋಲ್ ಕೊರತೆ ಖಚಿತ: ಜೆಟ್, ಫ್ಲೋಟ್ ಮಟ್ಟ, ಬುಡದ ಗ್ಯಾಸ್ಕೆಟ್ ನೋಡಿ.

ಡೀಸೆಲ್ ಪಿಕಪ್

ಡೀಸೆಲ್ ಫಿಲ್ಟರ್‌ನ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಇಳಿಸಿ, ಫಿಲ್ಟರ್ ಬದಲಿಸಿ. ದೂರುಗಳಲ್ಲಿ ದೊಡ್ಡ ಪಾಲು ಇಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಫಿಲ್ಟರ್ ಮತ್ತು ಪಂಪ್ ನಡುವಿನ ಕಡಿಮೆ ಒತ್ತಡದ ಲೈನ್‌ನಲ್ಲಿ ಪಾರದರ್ಶಕ ಹೋಸ್ ತುಂಡು ಹಾಕಿ. ಗುಳ್ಳೆಗಳು ಸತತವಾಗಿ ಬರುತ್ತಿದ್ದರೆ ಟ್ಯಾಂಕ್ ಕಡೆಯ ಯಾವುದೋ ಜಾಯಿಂಟ್ ಗಾಳಿ ಎಳೆಯುತ್ತಿದೆ. ಸ್ಕ್ಯಾನರ್‌ನಲ್ಲಿ ಬೇಡಿಕೆಯ ರೈಲ್ ಒತ್ತಡ ಮತ್ತು ವಾಸ್ತವ ರೈಲ್ ಒತ್ತಡವನ್ನು ಒಂದೇ ಗ್ರಾಫ್‌ನಲ್ಲಿ ಇಡಿ. ತುಳಿದಾಗ ವಾಸ್ತವ ಗೆರೆ ಹಿಂದೆ ಬಿದ್ದರೆ ಪಂಪ್‌ನ ಸಕ್ಷನ್ ಕಂಟ್ರೋಲ್ ವಾಲ್ವ್ ಅಥವಾ ಒಳಗೇ ಸೋರುವ ಇಂಜೆಕ್ಟರ್. ಇಂಜೆಕ್ಟರ್ ರಿಟರ್ನ್ ಪೈಪುಗಳಿಗೆ ಒಂದೇ ಅಳತೆಯ ಬಾಟಲಿ ಕಟ್ಟಿ ಐಡ್ಲಿಂಗ್‌ನಲ್ಲಿ ಓಡಿಸಿದಾಗ ಒಂದು ಮಾತ್ರ ಉಳಿದವುಗಳಿಗಿಂತ ಬಹಳ ಬೇಗ ತುಂಬಿದರೆ ಅಪರಾಧಿ ಅದೇ.

ತುಳಿದಾಗ ಕಪ್ಪು ಹೊಗೆ, ಜೊತೆಗೆ ಬುಸುಗುಡುವ ಸದ್ದು ಎಂದರೆ ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ಹೋಸ್ ಸೀಳಿದೆ ಅಥವಾ ಕ್ಲ್ಯಾಂಪ್ ಜಾರಿದೆ. ಸೋರುವ ಜಾಗದ ಸುತ್ತ ಎಣ್ಣೆಯ ತೇವ ಇರುತ್ತದೆ. ಪಿ0299 ಕೋಡ್ (ಟರ್ಬೊ ಒತ್ತಡ ಕಡಿಮೆ) ಬಂದು ಹೋಸ್‌ಗಳೆಲ್ಲ ಸರಿಯಿದ್ದರೆ ಟರ್ಬೊದ ವ್ಯಾಕ್ಯೂಮ್ ಆಕ್ಚುಯೇಟರ್‌ಗೆ ಕೈ ಪಂಪ್ ಹಾಕಿ, ಕಡ್ಡಿ ತಡೆಯಿಲ್ಲದೆ ಪೂರ್ತಿ ಹೋಗಿ ಬರಬೇಕು. ಅರ್ಧದಲ್ಲಿ ನಿಂತರೆ ಒಳಗಿನ ರೆಕ್ಕೆಗಳಿಗೆ ಮಸಿ ಹಿಡಿದಿದೆ. ಆಕ್ಚುಯೇಟರ್‌ಗೆ ಬರುವ ಸಣ್ಣ ರಬ್ಬರ್ ಹೋಸ್‌ಗಳನ್ನು ಮಾತ್ರ ಟರ್ಬೊ ಬಿಚ್ಚುವ ಮೊದಲೇ ನೋಡಿಬಿಡಿ.

ರಿಪೇರಿ ಆದ ಮೇಲೆ

ಕೋಡ್ ಮತ್ತು ಹಳೆಯ ಟ್ರಿಮ್ ಅಳಿಸಿ, ಮೊದಲು ಎಡವುತ್ತಿದ್ದ ಅದೇ ಏರಿನಲ್ಲಿ, ಅದೇ ಲೋಡ್, ಅದೇ ಗೇರ್‌ನಲ್ಲಿ ಓಡಿಸಿ. ಅಳಿಸಿದ ಕೂಡಲೇ ಲಾಂಗ್ ಟರ್ಮ್ ಸೊನ್ನೆ ತೋರಿಸುವುದಕ್ಕೆ ಅರ್ಥವಿಲ್ಲ. ಕೆಲವು ದಿನ ತಣ್ಣಗೆ ಸ್ಟಾರ್ಟ್ ಮಾಡಿ, ಪೂರ್ತಿ ಬಿಸಿ ಮಾಡಿ ಓಡಿಸಿದ ಮೇಲೆ ಮತ್ತೆ ಅದೇ ಮೂರು ಸ್ಥಿತಿಯ ಅಂಕಿ ಬರೆದು, ಮೊದಲಿನದರ ಪಕ್ಕ ಇಟ್ಟು ನೋಡಿ. ಎಡವುವುದು ನಿಂತಿದ್ದರೂ ಐಡ್ಲಿಂಗ್‌ನ ಟ್ರಿಮ್ ಶೇ. 12ರಲ್ಲೇ ಇದ್ದರೆ ಎರಡನೆಯ ಸೋರಿಕೆ ಎಲ್ಲೋ ಉಳಿದಿದೆ. ಪಿಸಿವಿ ಹೋಸಿನಿಂದ ಮತ್ತೆ ಶುರುಮಾಡಿ.